ಬೊಳ್ಳನ ಗೊರಕೆ

ನಮ್ಮ ಬೊಳ್ಳ ಎಚ್ಚರದಲ್ಲಿದ್ದೇ ಗೊರಕೆ ಹೊಡೆಯುತ್ತಿದ್ದ. ಹುಲ್ಲು ತಿನ್ನುವಾಗಲೂ ಗೊರಕೆ, ನೊಗ ಹೊತ್ತಾಗಲೂ ಗೊರಕೆ. ಆಚೆ ಮನೆಯ ಸರಸ ಒಂದು ದಿನ ದನದ ಹಟ್ಟಿಯ ಹತ್ತಿರ ಬಂದವಳು, "ನಿನ್ನ ಮಾವ ಮಲಗಿದ್ದಾರೆ ಅಂತ ಮೆಲ್ಲ ಹೆಜ್ಜೆ ಇಟ್ಟೆ ಮಾರಾಯ್ತಿ, ನೋಡಿದ್ರೆ ಎತ್ತು" ಎಂದಳು. ಮಾವ ಜತ್ತಪ್ಪನವರು ಜಗಲಿಯಲ್ಲೇ ಇದ್ದರು. ನಗಲಿಲ್ಲ.

ನಗುವ ಸಂಗತಿಯೂ ಅಲ್ಲ. ನಾರಾವಿಯ ಹೇಮರಾಜ ಧಣಿಗಳ ಗದ್ದೆಯನ್ನು ನಾವು ಗೇಣಿಗೆ ಮಾಡುತ್ತಿದ್ದೆವು. ನನ್ನ ಯಜಮಾನರು ಮೂಡಬಿದ್ರೆಯ ಹೋಟೆಲಿನಲ್ಲಿ ಕೆಲಸಕ್ಕಿದ್ದರು. ಉಳುಮೆಗೆ ಮಾವ, ಉಳಿದುದಕ್ಕೆಲ್ಲ ನಾನು. ಇದ್ದದ್ದು ಒಂದೇ ಜೋಡಿ ಎತ್ತು. ಬಿಳಿಯ ಬೊಳ್ಳ ನಾಲ್ಕು ಸಾಲು ಉಳುವುದರೊಳಗೆ ಬಾಯಿ ತೆರೆದು ಏದುಸಿರು ಬಿಡುತ್ತಿದ್ದ. ಕನ್ಯಾನದ ಕಡೆಯ ದನದ ವ್ಯಾಪಾರಿ ಆಗಲೇ ಬಂದು ಹಲ್ಲು ನೋಡಿಕೊಂಡು ಹೋಗಿದ್ದ. ಅವನ ಹಗ್ಗಕ್ಕೆ ಬಿದ್ದ ಎತ್ತು ಕೇರಳದ ಗಡಿ ದಾಟಿ ಹೋಗುವುದು ನೊಗಕ್ಕಲ್ಲ ಎಂದು ನಮಗೆ ಗೊತ್ತಿತ್ತು.

ಮಾವನ ಲೆಕ್ಕದಲ್ಲಿ ಅದು ಉಷ್ಣ. ಹಾಗಾಗಿ ದಿನಾ ಧಣಿಗಳ ಕೆರೆಗೆ ಇಳಿಸಿ ಕೊರಳ ತನಕ ನೀರಲ್ಲಿ ನಿಲ್ಲಿಸುತ್ತಿದ್ದರು. ನಾಲ್ಕು ಮನೆಯ ದನಗಳು ಮೀಯುವುದು, ಕುಡಿಯುವುದು ಅದೇ ಕೆರೆಯಲ್ಲಿ. ಬೊಳ್ಳ ಮೂಗನ್ನು ನೀರಿಗಿಟ್ಟು ಬುಸುಗುಟ್ಟುತ್ತಿದ್ದ. ತಂಪಾಯಿತೆಂದು ಮಾವನಿಗೆ ಸಮಾಧಾನ.

ಐವತ್ತೆಂಟನೆಯ ಇಸವಿಯ ಮಳೆಗಾಲ ಮುಗಿಯುತ್ತ ಬಂದಾಗ ಬೆಳ್ತಂಗಡಿಯಿಂದ ದನದ ಡಾಕ್ಟ್ರು ಚಿನ್ನಯ್ಯನವರನ್ನು ಕರೆಸಿದೆವು. ಅವರು ನನ್ನ ಹಣೆಬೊಟ್ಟಿನ ಕನ್ನಡಿ ಕೇಳಿ, ಅದರಿಂದ ಬಿಸಿಲನ್ನು ಬೊಳ್ಳನ ಮೂಗಿನ ಹೊಳ್ಳೆಯೊಳಗೆ ತಿರುಗಿಸಿದರು. ಒಳಗೆ ಕೋಳಿಯ ಜುಟ್ಟಿನ ಹಾಗೆ ಮಾಂಸ ಬೆಳೆದಿತ್ತು. ಕೆರೆಗಿಳಿದರೆ ಕಾಲು ತುರಿಸುತ್ತದೆಯೇ ಎಂದು ನನ್ನನ್ನು ಕೇಳಿದರು. ತುರಿಸುತ್ತಿತ್ತು.

ಆಮೇಲೆ ಬಿಡಿಸಿ ಹೇಳಿದರು. ಮೂಗಿನ ರಕ್ತನಾಳದಲ್ಲಿ ಹುಳ ಉಂಟು. ಅದರ ಮೊಟ್ಟೆ ಸಿಂಬಳದೊಂದಿಗೆ ಕೆರೆಗೆ ಬೀಳುತ್ತದೆ. ಒಡೆದು ಬಂದ ಮರಿ, ಕೆರೆಯ ಪಾಚಿಯಲ್ಲಿರುವ ಚಪ್ಪಟೆ ಬಸವನಹುಳದೊಳಗೆ ಹೊಕ್ಕು ಬೆಳೆಯುತ್ತದೆ; ಬೆಳೆದು ಹೊರಬಂದದ್ದು ನೀರಲ್ಲಿ ನಿಂತ ದನದ ಚರ್ಮ ತೂರಿ ಒಳಸೇರುತ್ತದೆ. ಬಸವನಹುಳದಿಂದ ಹೊರಬಿದ್ದ ಮೇಲೆ ದನ ಸಿಕ್ಕದಿದ್ದರೆ ಎರಡು ದಿನ ಕಳೆಯುವುದರೊಳಗೆ ಸಾಯುತ್ತದೆ. ಈ ಕೊನೆಯ ಮಾತನ್ನು ನಾನು ಸೆರಗಿನ ಗಂಟಿನಂತೆ ಕಟ್ಟಿಟ್ಟುಕೊಂಡೆ.

ವಾರಕ್ಕೊಂದರಂತೆ ಸೂಜಿಮದ್ದು ಆಯಿತು. ಕೆರೆಗೆ ಇಳಿಸಬಾರದೆಂಬ ಕಟ್ಟಪ್ಪಣೆಯೂ ಆಯಿತು. ಗೊರಕೆ ಇಳಿಯುತ್ತ ಇಳಿಯುತ್ತ ನಿಂತೇಹೋಯಿತು.

ದೀಪಾವಳಿಯ ಗೋಪೂಜೆ ಬಂತು. ಆ ದಿನ ದನ ಮೀಯಿಸದ ಮನೆ ನಮ್ಮಲ್ಲಿ ಇಲ್ಲ. ನಾನು ಹಟ್ಟಿಯಲ್ಲೇ ಮೀಯಿಸುವ ಎಂದೆ. "ರೋಗ ಹೋದ ಮೇಲೆ ಪಥ್ಯ ಎಂತದ್ದು?" ಎಂದು ಮಾವ ಬೊಳ್ಳನನ್ನು ಕೆರೆಗೇ ಇಳಿಸಿ, ಹುಲ್ಲಿನ ಸಿಂಬೆಯಿಂದ ಉಜ್ಜಿ ಉಜ್ಜಿ, ಹೊತ್ತು ಏರುವ ತನಕ ಮೀಯಿಸಿದರು. ಕೆರೆಯ ನೀರು ಮೊದಲಿನಂತೆಯೇ ಇತ್ತು. ಅವರ ಕಣ್ಣಿಗೆ ಬದಲಾದದ್ದು ಎತ್ತು ಮಾತ್ರ. ಮರುದಿನದಿಂದ ದಿನವೂ ಕೆರೆಯೇ.

ಚಳಿ ಕಳೆಯುವಾಗ ಗೊರಕೆ ಮರಳಿ ಬಂತು. ಡಾಕ್ಟ್ರು ಈ ಸಲ ಬೊಳ್ಳನ ಮೂಗಿಗಿಂತ ಮೊದಲು ಕೆರೆ ನೋಡಿದರು. ನಾಲ್ಕೂ ಮನೆಯ ಹಟ್ಟಿಗೆ ಹೋಗಿ ರೋಗ ಹಿಡಿದ ದನಗಳನ್ನೆಲ್ಲ ಗುರುತು ಮಾಡಿ ಸೂಜಿ ಶುರುಮಾಡಿದರು. ಅಡಿಕೆಗೆ ಬಿಡುವ ಮೈಲುತುತ್ತನ್ನೇ ಹದ ನೋಡಿ ಕೆರೆಗೆ ಹಾಕಿದರೆ ಬಸವನಹುಳ ಸಾಯುತ್ತದೆ, ಇಲ್ಲದಿದ್ದರೆ ಎಷ್ಟು ಸೂಜಿ ಚುಚ್ಚಿದರೂ ಇದೇ ಕಥೆ ಎಂದರು.

ಹೇಮರಾಜ ಧಣಿಗಳು ಜೈನರು. ಮಾವ ಅವರ ಅಂಗಳದಲ್ಲಿ ನಿಂತು ಕೇಳಿದಾಗ ಸಿಟ್ಟೇನೂ ಮಾಡಲಿಲ್ಲ.

"ಜತ್ತಪ್ಪ, ಎತ್ತು ಸಾಯಬಾರದು, ಅದು ಸರಿ. ಆದರೆ ಕೆರೆಯಲ್ಲಿರುವ ಅಷ್ಟು ಜೀವ ನನ್ನ ಕೈಯಿಂದ ಸಾಯುವುದು ಬೇಡ."

ಮಾವ ಬರಿಗೈಯಲ್ಲಿ ಬಂದು, ವ್ಯಾಪಾರಿಗೆ ಹೇಳಿ ಕಳಿಸುವ ಎಂದರು. ಮಳೆಗಾಲದ ಏಣೆಲು ಬೆಳೆಗೆ ಉಳುವ ಮುಂಚೆ ಬೇರೆ ಎತ್ತು ತರಬೇಕಲ್ಲ. ಅಂದು ಅವರು ಊಟ ಮಾಡಲಿಲ್ಲ. ನಾನು, ಒಂದು ದಿನ ತಡೆಯಿರಿ ಮಾವ ಎಂದೆ.

ಮರುದಿನ ನಾನೇ ಹೋದೆ. ಧಣಿಗಳು ಜಗಲಿಯಲ್ಲಿ ಕುಳಿತಿದ್ದರು. ಧಣಿಗಳ ಮಡದಿ ವಿಮಲಮ್ಮ ಬಾವಿಕಟ್ಟೆಯಲ್ಲಿ, ಎರಡಾಗಿ ಮಡಿಸಿದ ಬಟ್ಟೆಯಲ್ಲಿ ನೀರು ಸೋಸುತ್ತಿದ್ದರು. ಬಟ್ಟೆಯಲ್ಲಿ ಉಳಿದುದನ್ನು ನೀರಿನೊಂದಿಗೆ ತಿರುಗಿ ಬಾವಿಗೇ ಮೆಲ್ಲಗೆ ಇಳಿಸಿದರು. ಅವರ ಮನೆಯ ನಿತ್ಯದ ಕ್ರಮ ಅದು. ಕಾಣದ ಜೀವಕ್ಕೂ ನೋವಾಗಬಾರದು. ನಾನು ಎಷ್ಟೋ ಸಲ ಕಂಡದ್ದೇ. ಆದರೆ ಅಂದು, ನಾನು ಹೇಳಬೇಕೆಂದು ಬಂದ ಮಾತಿಗೆ ದಾರಿ ಸಿಕ್ಕಿತು.

"ಧಣಿ, ನೀವು ಹುಳವನ್ನು ಕೊಲ್ಲದೆಯೇ ಶುದ್ಧ ನೀರು ಕುಡೀತೀರಿ" ಎಂದೆ. "ಎತ್ತಿಗೂ ಹಾಗೆ ಮಾಡುವ. ಕೆರೆಗೆ ಬೇಲಿ ಹಾಕುವ. ಏತದ ನೀರು ದನಕ್ಕೆ ನೀರಿಡುವ ಕಲ್ಲಿನ ಮರಿಗೆಗೆ ಬೀಳಲಿ, ಎರಡು ರಾತ್ರಿ ತಂಗಲಿ. ಆಮೇಲೆ ದನ ಕುಡಿಯಲಿ, ಮೀಯಲಿ."

ಧಣಿಗಳು ಜಗಲಿಯಿಂದ ಇಳಿದು ಬಂದರು. "ಮರಿಗೆಗೆ ಬಂದ ಹುಳ ಸಾಯ್ತದಲ್ಲ, ನೀಲಾವತಿ?"

"ಅದರ ಆಯುಷ್ಯವೇ ಅಷ್ಟು ಧಣಿ. ನಾವು ಕಾಯುವುದು ಮಾತ್ರ."

ವಿಮಲಮ್ಮ ಬಟ್ಟೆ ಹಿಂಡುವುದನ್ನು ನಿಲ್ಲಿಸಿ ಗಂಡನ ಕಡೆ ನೋಡಿದರು. "ಹಿತ್ತಿಲಲ್ಲಿ ಹಳೇ ಮರಿಗೆ ಮೂರು ಬಿದ್ದುಕೊಂಡುಂಟು. ಬಾವಿಯ ಹುಳಕ್ಕೆ ಬಟ್ಟೆ ಹಿಡಿಯುವವರಿಗೆ ಎತ್ತಿಗೆ ಮರಿಗೆ ಕೊಡ್ಲಿಕ್ಕೆ ಎಂತ ಯೋಚನೆ?" ಎಂದರು.

ವಾರದೊಳಗೆ ಕೆರೆಯ ಸುತ್ತ ಬೇಲಿ ಎದ್ದಿತು. ಒಂದು ಮರಿಗೆ ತುಂಬುವುದು, ಒಂದು ತಂಗುವುದು, ಒಂದು ಕುಡಿಸುವುದು. ದಿನವೂ ಏತ ಎಳೆದು ನನ್ನ ಭುಜ ನೋಯುತ್ತಿತ್ತು. ಮಾವ ಮೊದಲು ಮುಖ ಗಂಟಿಕ್ಕಿಕೊಂಡು ನೋಡುತ್ತಿದ್ದರು, ಆಮೇಲೆ ನನ್ನ ಕೈಯಿಂದ ಏತವನ್ನು ತಾವೇ ತೆಗೆದುಕೊಂಡರು. ಪಥ್ಯ ರೋಗಿಗಲ್ಲ, ಕೆರೆಗೆ ಎಂದು ಕಂಡವರಿಗೆಲ್ಲ ಅವರೇ ಹೇಳತೊಡಗಿದರು, ತಮಗೆ ಹುಟ್ಟಿನಿಂದಲೇ ಗೊತ್ತಿದ್ದ ಹಾಗೆ.

ಮೊದಲ ಮಳೆ ಬಿದ್ದು ಗದ್ದೆ ಮೆತ್ತಗಾದ ದಿನ ವ್ಯಾಪಾರಿ ಬಂದ. ಮಾವ ಬೊಳ್ಳನನ್ನು ನೊಗದಿಂದ ಬಿಚ್ಚಲೂ ಇಲ್ಲ. ವ್ಯಾಪಾರಿಯೇ ಬದುವಿನ ಮೇಲೆ ನಿಂತು, ತಲೆ ಬಾಗಿಸಿ, ಎತ್ತಿನ ಮೂಗಿನ ಹತ್ತಿರ ಕಿವಿಯಿಟ್ಟ.

"ಎಂತ ಕೇಳ್ತದೆ?" ಎಂದರು ಮಾವ.

"ಏನೂ ಇಲ್ಲ ಅಣ್ಣ."

"ಹಾಗಾದ್ರೆ ಬದುವಿನಿಂದ ಆಚೆ ನಿಲ್ಲು. ತಿರುಗ್ಲಿಕ್ಕೆ ಜಾಗ ಬೇಕು" ಎಂದು ಮಾವ ನೇಗಿಲು ಒತ್ತಿದರು. ಬೊಳ್ಳ ಬಾಯಿ ಮುಚ್ಚಿಕೊಂಡೇ ಸಾಲು ಮುಗಿಸಿ ತಿರುಗಿದ.