ಲಿಂಡ್ಸೆಯ ಎರಡು ಬೆರಳು

ಜಾರಿಸಲಾರದವನು ಟ್ರ್ಯಾಕ್‌ಪ್ಯಾಡ್ ಡೊಂಕು ಅಂದನಂತೆ. ಹಿರಿಯರು ಹೀಗೆ ಹೇಳಿಲ್ಲ, ಗೊತ್ತು. ಅವರ ಕಾಲದಲ್ಲಿ ಕುಣಿಯುವವರಿದ್ದರು. ನಮ್ಮ ಕ್ಲಬ್ಬಿನಲ್ಲಿ ಎಲ್ಲರಿಗೂ ಮೊಣಕಾಲು ನೋವು. ಗಾದೆ ಸುಳ್ಳಾದರೂ ಕಥೆ ನಿಜ. ಉಪ್ಪು ಖಾರ ಮಾತ್ರ ನನ್ನದು.

ನಮ್ಮದು ಆಸ್ಟ್ರೇಲಿಯಾದ ಟಾಸ್ಮೇನಿಯಾ ದ್ವೀಪದ ಉತ್ತರ ದಡದ ಒಂದು ಬೌಲ್ಸ್ ಕ್ಲಬ್. ಬಿಳಿ ಬಟ್ಟೆ ತೊಟ್ಟ ಅರವತ್ತು ದಾಟಿದವರೆಲ್ಲ ಸೇರಿ, ನುಣ್ಣಗೆ ಕತ್ತರಿಸಿದ ಹುಲ್ಲಿನ ಮೇಲೆ ಸುಲಿದ ತೆಂಗಿನಕಾಯಿಯಷ್ಟು ದಪ್ಪದ ಗುಂಡುಗಳನ್ನು ಉರುಳಿಸಿ, ಗೆದ್ದರೆ ತಮ್ಮ ಕೈಚಳಕವನ್ನೂ ಸೋತರೆ ಹುಲ್ಲನ್ನೂ ಕಾರಣ ಮಾಡುವ ಜಾಗ. ಶನಿವಾರ ಯಾರು ಯಾವ ತಂಡದಲ್ಲಿ ಆಡಬೇಕೆಂದು ಪಟ್ಟಿ ಮಾಡಿ ಗುರುವಾರ ಸಂಜೆ ಹಲಗೆಗೆ ಅಂಟಿಸುವವನು ಲಿಂಡ್ಸೆ ಪರ್ಟನ್. ಎಪ್ಪತ್ತಾರು ವರ್ಷ, ಹಿಂದೆ ಹಡಗಿನಲ್ಲಿ ಅಡುಗೆಯವನು. ಹೆಬ್ಬೆರಳ ಗಂಟುಗಳು ಊದಿ ಗುಂಡು ಹಿಡಿಯಲಾಗದೆ ಆಟ ಬಿಟ್ಟು ಮೂರು ವರ್ಷ. ಅವನಿಗೆ ಉಳಿದಿದ್ದು ಪಟ್ಟಿಯೊಂದೇ. ಪಟ್ಟಿ ಹೋದರೆ ಪಟ್ಟ ಹೋದಂತೆ.

ಆ ಪಟ್ಟಿ ಇದ್ದದ್ದು ಇಟ್ಟಿಗೆಯಷ್ಟು ಭಾರದ ಕರಿ ಲ್ಯಾಪ್‌ಟಾಪಿನಲ್ಲಿ. ತೀರಿಹೋದ ಸದಸ್ಯರೊಬ್ಬರು ಬರೆದುಕೊಟ್ಟ ಪ್ರೋಗ್ರಾಂ, ಬೇರೆ ಯಂತ್ರದಲ್ಲಿ ಏಳುವುದೇ ಇಲ್ಲ. ಪುಟ ಕೆಳಗಿಳಿಸುವ ಕೀಲಿಗಳ ಮೇಲೆ ಎಂದೋ ಬಿಯರ್ ಚೆಲ್ಲಿ ಅವು ಅಲ್ಲೇ ಸತ್ತಿದ್ದವು. ಮೌಸ್ ಹಿಡಿಯಲು ಅವನ ಕೈ ಬಗ್ಗದು. ಉಳಿದ ದಾರಿ ಒಂದೇ: ಹೆಬ್ಬೆರಳಲ್ಲಿ ಗುಂಡಿ ಒತ್ತಿಹಿಡಿದು, ಪರದೆಯ ಅಂಚಿನ ತೆಳು ಸ್ಕ್ರೋಲ್ ಗೆರೆಯನ್ನು ಇನ್ನೊಂದು ಬೆರಳಲ್ಲಿ ಎಳೆಯಬೇಕು. ಹೋದ ವಾರ ಎಳೆಯುತ್ತ ಎಳೆಯುತ್ತ ನೋವು ತಾಳಲಾರದೆ, ಅಲ್ಲಿವರೆಗೆ ಪರದೆಯಲ್ಲಿ ಕಂಡಷ್ಟೇ ಹೆಸರು ಸಾಕೆಂದು ಅಚ್ಚು ಹಾಕಿಬಿಟ್ಟ. ಇಂಗ್ಲಿಷ್ ಅಕ್ಷರಮಾಲೆಯ ಬಾಲದಲ್ಲಿದ್ದ ಟ್ರಿಶ್ ವೈವೆಲ್, ಹನ್ನೊಂದು ವರ್ಷದಲ್ಲಿ ಒಂದು ಪಂದ್ಯವನ್ನೂ ತಪ್ಪಿಸದವಳು, ಶನಿವಾರ ಬಿಳಿ ಬಟ್ಟೆ ತೊಟ್ಟು ಬಂದು ಹಲಗೆಯ ಮುಂದೆ ನಿಂತಳು. ಹೆಸರಿಲ್ಲ.

ಕ್ಲಬ್ಬಿನ ಅಧ್ಯಕ್ಷೆಯ ಹೆಸರು ಹೆದರ್. ಹೆಸರು ಅವಳದು, ಹೆದರುವ ಕೆಲಸ ನಮ್ಮದು. ಆಕೆ ಎಲ್ಲರೆದುರೇ ಹೇಳಿದಳು: "ಲಿಂಡ್ಸೆ, ಬೇಜಾರ್ ಮಾಡ್ಕೋಬೇಡ. ಬರೋ ಗುರುವಾರದ ಪಟ್ಟೀಲೂ ತಪ್ಪಾದ್ರೆ ಆ ಕೆಲಸ ನಾನೇ ನೋಡ್ಕೋತೀನಿ."

ಆಕೆ ಹೋದ ಮೇಲೆ ನಾನು ಮೂಗಿನಿಂದಲೇ ಮಾತಾಡುವ ಅವಳ ದನಿ ತೆಗೆದು, "ಬೇಜಾರ್ ಮಾಡ್ಕೋಬೇಡ, ನೇಣು ಹಗ್ಗ ಮೆತ್ತಗಿದೆ," ಅಂದೆ. ಯಾವಾಗಲೂ ಮೊದಲು ನಗುವ ಲಿಂಡ್ಸೆ ಈ ಸಲ ನಗಲಿಲ್ಲ.

"ಹೆಬ್ಬೆರಳು ಕೈ ಕೊಡ್ತು ಮೇಷ್ಟ್ರೇ," ಅಂದ. ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿ ನಿವೃತ್ತನಾದವನು. "ಗುಂಡು ಹೋಯ್ತು, ಸುಮ್ನಿದ್ದೆ. ಇದೂ ಹೋದ್ರೆ ಶನಿವಾರ ಇಲ್ಲಿಗ್ಯಾಕೆ ಬರ್ಲಿ? ಕೂತ್ಕೊಂಡು ಚಪ್ಪಾಳೆ ತಟ್ಟೋಕಾ? ಅದಕ್ಕೂ ಹೆಬ್ಬೆರಳು ಬೇಕು ಮಾರಾಯ."

ಈಗಿನ ಲ್ಯಾಪ್‌ಟಾಪುಗಳಲ್ಲಿ ಕೀಲಿಗಳ ಕೆಳಗಿನ ಟ್ರ್ಯಾಕ್‌ಪ್ಯಾಡಿನ ಮೇಲೆ ಎರಡು ಬೆರಳಿಟ್ಟು ಜಾರಿಸಿದರೆ ಪುಟ ತಾನೇ ಸರಿಯುತ್ತದೆ. ಹೆಬ್ಬೆರಳಿಗೆ ಕೆಲಸವೇ ಇಲ್ಲ. ಹಳೆಯ ಟ್ರ್ಯಾಕ್‌ಪ್ಯಾಡುಗಳಿಗೂ ಆ ವಿದ್ಯೆ ಕಲಿಸುವ ಪುಟ್ಟ ಪ್ರೋಗ್ರಾಂ ಒಂದನ್ನು ಯಾರೋ ಹವ್ಯಾಸಿ ಬರೆದಿಟ್ಟಿದ್ದು ಹುಡುಕಿದಾಗ ಸಿಕ್ಕಿತು. ಗುರುವಾರ ಮಧ್ಯಾಹ್ನ ಕ್ಲಬ್ಬಿನ ಬಾರಿನ ಮೂಲೆಯ ಮೇಜಿನಲ್ಲಿ ಅದನ್ನು ಹಾಕಲು ಕೂತೆ. ಟ್ರಿಶ್ ಮೊಟ್ಟೆಯ ಸ್ಯಾಂಡ್‌ವಿಚ್ ತಂದಿಟ್ಟು ಪಕ್ಕದಲ್ಲೇ ಕೂತಳು.

ನನ್ನ ಬೆರಳಿಗೆ ಮೊದಲ ಸಲಕ್ಕೇ ಪುಟ ಜಾರಿತು. ಲಿಂಡ್ಸೆ ಒಂದೇ ಒಂದು ಬೆರಳಿಟ್ಟ, ಬರೀ ಪರದೆಯ ಬಾಣವನ್ನು ಅತ್ತಿತ್ತ ಸರಿಸಲು. ಹೆಸರುಗಳೆಲ್ಲ ಕುರಿಮಂದೆಯಂತೆ ಓಡಿದವು. ಈ ಹಳೇ ಪ್ಯಾಡ್ ಬೆರಳುಗಳನ್ನು ಎಣಿಸುವುದಿಲ್ಲ. ಮೇಲೆ ಬಿದ್ದ ಅಗಲ ನೋಡಿ ಒಂದೋ ಎರಡೋ ಎಂದು ಊಹಿಸುತ್ತದೆ. ಲಿಂಡ್ಸೆಯ ಒಂದು ಬೆರಳು ಅದರ ಪಾಲಿಗೆ ಎರಡು.

"ನಿಂದು ಬೆರಳಲ್ಲ ಕಣೋ, ಸಾಸೇಜು," ಅಂದಳು ಟ್ರಿಶ್.

"ಹೆಸರು ಬಿಟ್ಟೋಗಿದ್ದಕ್ಕೆ ಇನ್ನೂ ಸೇಡು ತೀರಿಸ್ಕೋತಿದೀಯಾ?"

"ಇನ್ನೂ ಶುರುನೇ ಮಾಡಿಲ್ಲ."

ಎಷ್ಟು ಅಗಲವಾದರೆ ಎರಡು ಬೆರಳು ಎಂಬ ಮಿತಿಯನ್ನು ಸಾಸೇಜಿನ ಅಳತೆಗೆ ಹೆಚ್ಚಿಸುತ್ತ ಹೋದೆ. ಏಳನೆಯ ಪ್ರಯತ್ನಕ್ಕೆ ಒಂದು ಒಂದಾಯಿತು, ಎರಡು ಎರಡಾಯಿತು. ಲಿಂಡ್ಸೆ ಕೈ ತೊಳೆದು ಬರುತ್ತೇನೆಂದು ಎದ್ದ. ಅಲ್ಲಿಗೆ ನಾನು ಸುಮ್ಮನಿರಬೇಕಿತ್ತು. ಆದರೆ ಸೆಟ್ಟಿಂಗ್ಸಿನ ಕೊನೆಯಲ್ಲಿ ಒಂದು ಚೌಕ ಕಂಡಿತು: 'ದಿಕ್ಕು ತಿರುಗಿಸು'. ಬೆರಳು ಕೆಳಗೆ ಜಾರಿದರೆ ಪಟ್ಟಿ ಕೊನೆಗೆ ಹೋಗುವ ಬದಲು ಮೊದಲಿಗೆ ಓಡುತ್ತದೆ. ಟ್ರಿಶ್‌ಗೆ ಕಣ್ಣು ಹೊಡೆದು ಅಲ್ಲೊಂದು ಗುರುತು ಹಾಕಿದೆ. ಒಂದು ನಿಮಿಷ ಅವನಿಗೆ ಟೊಪ್ಪಿಗೆ ಹಾಕಿ, ನಕ್ಕು, ಸರಿಮಾಡುವ ಲೆಕ್ಕ.

ಲಿಂಡ್ಸೆ ಬಂದು ಕೂತ. ಅವನ ಹಿಂದೆಯೇ, ಐದಕ್ಕೆ ಬರಬೇಕಿದ್ದ ಹೆದರ್ ನಾಲ್ಕಕ್ಕೇ ಬಂದು ನಿಂತಳು.

"ಆಯ್ತಾ ಪಟ್ಟಿ? ಕೊನೇ ಹೆಸರುಗಳನ್ನ ತೋರ್ಸು, ನೋಡೋಣ."

ನನ್ನ ಬಾಯೊಳಗಿನ ಸ್ಯಾಂಡ್‌ವಿಚ್ ಅಲ್ಲೇ ನಿಂತಿತು. ಮೆಲ್ಲಗೆ ಕೈ ಚಾಚಿದೆ. ಲಿಂಡ್ಸೆ ಫಟ್ಟನೆ ಹೊಡೆದ. "ಕೈ ತೆಗಿ ಮೇಷ್ಟ್ರೇ. ನನ್ ಕೆಲಸ ನಾನ್ ಮಾಡ್ತೀನಿ."

ಎರಡು ಬೆರಳಿಟ್ಟು ಕೆಳಗೆ ಜಾರಿಸಿದ. ನಡುವಿನಲ್ಲಿದ್ದ ಪಟ್ಟಿ ಸರ್ರನೆ ಹಿಂದಕ್ಕೆ ಓಡಿ ಮೊದಲ ಹೆಸರಿಗೆ ಹೋಗಿ ನಿಂತಿತು. ಇನ್ನೊಮ್ಮೆ ಜಾರಿಸಿದ. ಅಲ್ಲಾಡಲಿಲ್ಲ. ಮತ್ತೊಮ್ಮೆ. ಅವನ ಕಿವಿ ಕೆಂಪಾಯಿತು. ಕೈ ಎತ್ತಿ, ತಪ್ಪು ಮಾಡಿದ್ದು ಅದೇ ಎಂಬಂತೆ ತನ್ನ ಬೆರಳುಗಳನ್ನೇ ನೋಡಿಕೊಂಡ. ಅರವತ್ತು ವರ್ಷದಲ್ಲಿ ನಾನು ಮಾಡಿದ ಕುಚೇಷ್ಟೆಗಳಲ್ಲಿ ವಾಪಸ್ ತೆಗೆದುಕೊಳ್ಳಬೇಕೆನಿಸಿದ್ದು ಅದೊಂದೇ.

"ಹೆದರ್, ಇದು ನನ್ನ—" ಎಂದು ಬಾಯಿ ತೆರೆದೆ.

ಅಷ್ಟರಲ್ಲಿ ಟ್ರಿಶ್ ಮೇಜು ಗುದ್ದಿ ಕೂಗಿದಳು: "ರಾಂಗ್ ಬಯಾಸ್!"

ಗೊತ್ತಿಲ್ಲದವರಿಗೆ ಒಂದು ಮಾತು. ನಮ್ಮ ಗುಂಡುಗಳು ನೇರ ಹೋಗುವುದಿಲ್ಲ. ಒಂದು ಮಗ್ಗುಲಿಗೆ ವಾಲಿಕೊಂಡೇ ಉರುಳುತ್ತವೆ, ಅದೇ ಬಯಾಸ್. ಗುರುತಿರುವ ಮಗ್ಗುಲನ್ನು ನೋಡದೆ ಉಲ್ಟಾ ಹಿಡಿದರೆ ಗುಂಡು ಪಕ್ಕದವರ ಆಟದೊಳಗೆ ನುಗ್ಗುತ್ತದೆ. ಆಗ ಇಡೀ ಮೈದಾನ ಹೀಗೆ ಕೂಗುತ್ತದೆ. ಚಾಂಪಿಯನ್ನರಿಗೂ ತಪ್ಪಿದ್ದಲ್ಲ ಆ ಅವಮಾನ.

ಬಾರಿನಲ್ಲಿದ್ದವರೆಲ್ಲ ಅಭ್ಯಾಸಬಲದಿಂದ ಕೂಗಿಗೆ ಕೂಗು ಸೇರಿಸಿದರು. ಲಿಂಡ್ಸೆ ತಲೆ ಎತ್ತಿದ. ಟ್ರಿಶ್‌ಳನ್ನು ನೋಡಿದ, ನನ್ನನ್ನು ನೋಡಿದ, ಪರದೆಯನ್ನು ನೋಡಿದ. ನಲವತ್ತು ವರ್ಷ ಗುಂಡು ಉರುಳಿಸಿದವನಿಗೆ ಅಷ್ಟು ಸಾಕಾಯಿತು.

"ಯಾವನೋ ಗುಂಡು ತಿರುಗಿಸಿಟ್ಟಿದಾನೆ," ಅಂದ ನಿಧಾನಕ್ಕೆ. "ತಿರುಗಿದ್ರೆ ಏನಂತೆ? ತಿರುಗಿಸಿ ಹಿಡಿಯೋದು." ಎರಡು ಬೆರಳನ್ನು ಮೇಲಕ್ಕೆ ಜಾರಿಸಿದ. ಪಟ್ಟಿ ಬೆಣ್ಣೆಯಂತೆ ಇಳಿದು ಬಾಲಕ್ಕೆ ಬಂತು. "ವೈವೆಲ್, ಟ್ರಿಶ್. ಎರಡನೇ ತಂಡ. ಅವಳ ಹಿಂದೆ ಇನ್ನೂ ಇಬ್ರು. ಅರವತ್ತನಾಲ್ಕೂ ಇದೆ. ಎಣಿಸ್ಕೋ ಹೆದರ್."

ನನ್ನ ಸ್ಯಾಂಡ್‌ವಿಚ್ ಕೊನೆಗೂ ಗಂಟಲಿಳಿಯಿತು. ತಪ್ಪೊಪ್ಪಿಕೊಂಡೆ. "ಒಂದು ಗುರುತು ತೆಗೆದ್ರೆ ಸರಿಹೋಗುತ್ತೆ, ಕೊಡು."

"ಮುಟ್ಟಿದ್ರೆ ನೋಡು!" ಲಿಂಡ್ಸೆ ಯಂತ್ರವನ್ನು ಎದೆಗವಚಿಕೊಂಡ. "ಇರಲಿ ಇದು ಹೀಗೇ. ಹೆದರ್, ಬಾ, ನೀನೂ ಒಂದು ಕೈ ನೋಡು. ಮೊದಲ್ನೇ ಹೆಸರಿಗೆ ಹೋಗು."

ಹೆದರ್ ಕನ್ನಡಕ ಸರಿಮಾಡಿಕೊಂಡು ಎರಡು ಬೆರಳು ಮೇಲಕ್ಕೆ ಜಾರಿಸಿದಳು. ಪಟ್ಟಿ ಮಿಸುಕಲಿಲ್ಲ. ಇನ್ನೂ ಜೋರಾಗಿ. ಊಹೂಂ. "ನಿನ್ ಮೊಮ್ಮಗನ ಫೋನಲ್ಲೂ ಹಿಂಗೇ ಒದ್ದಾಡ್ತೀಯಾ?" ಎಂದು ಛೇಡಿಸಿದಳು ಟ್ರಿಶ್. "ತಗೊಳ್ಳಿ, ನೀವೇ ಹಾಕಿದ್ದಲ್ವಾ?" ಎಂದು ಹೆದರ್ ನನ್ನ ಕಡೆ ತಳ್ಳಿದಳು. ನಾನು ಗತ್ತಿನಿಂದ ಬೆರಳಿಟ್ಟೆ. ಗುರುತು ಹಾಕಿದವನು ನಾನೇ. ಆದರೂ ಹಳೇ ಅಭ್ಯಾಸ ಬಿಡಬೇಕಲ್ಲ, ನಾನೂ ಮೇಲಕ್ಕೇ ಜಾರಿಸಿದೆ.

"ರಾಂಗ್ ಬಯಾಸ್!" ಇಡೀ ಬಾರು.

"ಆಯ್ತಪ್ಪಾ," ಎಂದು ಹೆದರ್ ಎರಡೂ ಕೈ ಎತ್ತಿದಳು. ಅವಳ ಮುಖದಲ್ಲೂ ಏನೋ ಹಗುರಾಗಿತ್ತು. "ಈ ದರಿದ್ರ ಯಂತ್ರ ನಿನ್ನ ಬಿಟ್ಟು ಯಾರ ಮಾತೂ ಕೇಳಲ್ಲ. ಪಟ್ಟಿ ನೀನೇ ಇಟ್ಕೋ ಲಿಂಡ್ಸೆ. ನಂಗಂತೂ ಬೇಡ."

ಬಾರಿನಲ್ಲಿ ಎಲ್ಲರೂ ನಕ್ಕರು. ನಾನೂ ನಕ್ಕೆ, ಸ್ವಲ್ಪ ತಡವಾಗಿ. ಆದರೆ ಊದಿದ ಬೆರಳುಗಳಿಂದ ಮೇಜು ಬಡಿಯುತ್ತ, ಕಣ್ಣೀರು ಒರೆಸಿಕೊಳ್ಳುತ್ತ, ಹೊರಗೆ ಹುಲ್ಲು ಕತ್ತರಿಸುತ್ತಿದ್ದವನು ಯಂತ್ರ ನಿಲ್ಲಿಸಿ ಕಿಟಕಿಯಲ್ಲಿ ಇಣುಕುವಷ್ಟು ಜೋರಾಗಿ ನಕ್ಕವನು ಲಿಂಡ್ಸೆ.