ಗುರುವಾರದ ಚಕ್ಕರ್

ಮೂವತ್ತೆರಡು ವರ್ಷದ ಮೇಲೆ ಕಾಲೇಜಿನ ಹಳೆಯ ತರಗತಿಯಲ್ಲಿ ಎಲ್ಲರೂ ಸೇರಿದಾಗ ಯಾರೋ ತಮಾಷೆಗೆ ಹಾಜರಿ ಕರೆದರು. ಮೂವತ್ತೆಂಟು ಎಂದದ್ದೇ ತಡ, ಗಿಳಿ ಗಂಟಲು ಸಣ್ಣ ಮಾಡಿಕೊಂಡು ‘ಎಸ್ ಸಾರ್’ ಎಂದುಬಿಟ್ಟಳು. ಕೋಣೆಯೆಲ್ಲ ಗೊಳ್ಳೆಂದು ನಕ್ಕಿತು. ಮೂವತ್ತೆಂಟನೆಯವಳು ಇವತ್ತು ಪಕ್ಕದಲ್ಲೇ ಕೂತಿದ್ದಳು. ಹುಟ್ಟುಗುಣ ಸುಟ್ಟರೂ ಹೋಗದಂತೆ, ಏನು ಮಾಡುವುದು?

ಯಾರ ದನಿಯನ್ನು ಬೇಕಾದರೂ ತೆಗೆಯುತ್ತಿದ್ದುದರಿಂದ ಇವಳು ಗಿಳಿ. ಪ್ರತಿ ಗುರುವಾರ ಮಧ್ಯಾಹ್ನ ತರಗತಿಯಿಂದ ಮಾಯವಾಗುತ್ತಿದ್ದುದರಿಂದ ಅವಳು ಚಕ್ಕರ್. ಮೂರು ವರ್ಷ ಅವಳ ಹಾಜರಿಯನ್ನು ಗಿಳಿಯೇ ಹೇಳಿದ್ದಳು. ಒಮ್ಮೆ ಸಿಕ್ಕಿಬಿದ್ದು ವಾರವಿಡೀ ಬಾಗಿಲ ಹೊರಗೆ ನಿಂತದ್ದೂ ಉಂಟು. ಎಲ್ಲಿಗೆ ಹೋಗುತ್ತೀ ಎಂದು ಕೇಳಿದರೆ ಚಕ್ಕರ್, ಹೇಳುವುದಿಲ್ಲವೆಂದು ಮಾತು ಕೊಟ್ಟಿದ್ದೇನೆ ಎನ್ನುತ್ತಿದ್ದಳು. ಗಿಳಿಯ ತಲೆಯಲ್ಲಿ ಹುಳ ಕೊರೆಯುತ್ತಲೇ ಇತ್ತು. ಯಾರನ್ನೋ ಪ್ರೀತಿಸುತ್ತಿರಬೇಕೆಂದು ಊಹಿಸಿ, ಮನಸ್ಸಿನಲ್ಲೇ ಅವಳಿಗೆ ಮೊದಲು ರೇಡಿಯೋ ರಿಪೇರಿಯವನನ್ನು ಗಂಟುಹಾಕಿ, ಅವನು ಸರಿಹೋಗದೆ, ಆಮೇಲೆ ಲ್ಯಾಬಿನ ಅಟೆಂಡರನನ್ನು ಹುಡುಕಿದ್ದಳು.

ಈಗ ಚಕ್ಕರ್‌ಗೆ ಸ್ವಂತ ಕನ್ನಡಕದ ಅಂಗಡಿ, ಗಿಳಿ ನೋಂದಣಿ ಕಚೇರಿಯ ಅಧಿಕಾರಿ. ಊರುಗಳು ಬದಲಾಗಿ, ಕಾಗದಗಳು ನಿಂತು, ಒಬ್ಬರ ಸುದ್ದಿ ಒಬ್ಬರಿಗೆ ತಿಳಿದಿರಲಿಲ್ಲ. ಬಂದವಳೇ ಚಕ್ಕರ್ ಕೇಳಿದ ಮೊದಲ ಮಾತು, ನಿಮ್ಮಮ್ಮ ಹೇಗಿದ್ದಾರೆ? ತೀರಿಹೋಗಿ ನಾಲ್ಕು ವರ್ಷವಾಯಿತು ಎಂದಾಗ ಅವಳು ತನ್ನ ಕನ್ನಡಕ ತೆಗೆದು ಬಹಳ ಹೊತ್ತು ಒರೆಸಿದಳು. ಗಿಳಿಗೆ ಸ್ವಲ್ಪ ಆಶ್ಚರ್ಯವೇ ಆಯಿತು. ಅಮ್ಮನನ್ನು ಇವಳು ಕಂಡದ್ದಾದರೂ ಎಷ್ಟು ಸಲ?

ಚಹಾ ಹಿಡಿದು ಇಬ್ಬರೂ ಹಿಂದಿನ ಬೆಂಚಿಗೆ ಸರಿದರು. ಗಿಳಿ ಕಚೇರಿಯ ಕತೆ ಬಿಚ್ಚಿದಳು. ಹೆಬ್ಬೆಟ್ಟು ಒತ್ತುವವರು ಬಂದರೆ ಅವರ ಬೆರಳನ್ನು ತಾನೇ ಹಿಡಿದು ಒತ್ತಿಸಿ, ಮಸಿಯನ್ನು ತಾನೇ ಬಟ್ಟೆಯಿಂದ ಒರೆಸುತ್ತಾಳಂತೆ. ಮೇಡಂಗೆ ಇದೇನು ಹುಚ್ಚು ಎಂದು ಗುಮಾಸ್ತರು ನಗುತ್ತಾರಂತೆ. ಯಾಕೆ ಹಾಗೆ ಮಾಡುತ್ತೀ ಎಂದು ಚಕ್ಕರ್ ಕೇಳಿದಳು.

ಗಂಡನಿಗೂ ಹೇಳದ ಮಾತನ್ನು ಗಿಳಿ ಆಗ ಹೇಳಿದಳು. ಕಾಲೇಜಿಗೆ ಸೇರುವ ದಿನ ಅಮ್ಮ ಅರ್ಜಿಗೆ ಹೆಬ್ಬೆಟ್ಟು ಒತ್ತಿದ್ದಳು. ಹಿಂದೆ ಉದ್ದ ಸಾಲು. ಯಾರಾದರೂ ನೋಡಿಯಾರೆಂದು ಗಿಳಿ ಆ ಗುರುತಿನ ಮೇಲೆ ತನ್ನ ಅಂಗೈ ಮುಚ್ಚಿದ್ದಳು.

“ಅಮ್ಮ ಅದನ್ನ ನೋಡಿದ್ಲೋ ಇಲ್ವೋ, ಅದೊಂದೇ ಗೊತ್ತಾಗ್ಬೇಕಿತ್ತು. ಕೇಳೋಕೆ ಬಾಯಿ ಬರ್ಲಿಲ್ಲ. ಈಗ ಕೇಳೋಣ ಅಂದ್ರೆ ಅವಳೇ ಇಲ್ಲ.”

ಚಕ್ಕರ್ ಲೋಟವನ್ನು ಬೆಂಚಿನ ಮೇಲಿಟ್ಟಳು. “ನೋಡಿದ್ರು ಕಣೇ. ಸಾಲಲ್ಲಿ ನಿನ್ನ ಹಿಂದೆ ಇದ್ದವಳು ನಾನು. ನೀನು ಅರ್ಜಿ ಕೊಡೋಕೆ ಒಳಗೆ ಹೋದಾಗ ಅವರೇ ನನ್ನ ಕೇಳಿದ್ರು, ನನಗೆ ಅಕ್ಷರ ಹೇಳಿಕೊಡ್ತೀಯಾ ಮಗಳೇ ಅಂತ. ನಾನೇ ಹೇಳೋವರೆಗೂ ಅವಳಿಗೆ ಹೇಳ್ಬೇಡ ಅಂತ ಮಾತು ತಗೊಂಡ್ರು. ಗುರುವಾರ ನಿಮ್ಮಪ್ಪನಿಗೆ ಮಧ್ಯಾಹ್ನದ ಪಾಳಿ ಇರ್ತಿತ್ತಲ್ಲ, ಆಗ ನಿಮ್ಮನೆಗೆ ಹೋಗ್ತಿದ್ದೆ.”

ಗಿಳಿ ಮೂರು ವರ್ಷ ಮುಚ್ಚಿಟ್ಟ ಗುಟ್ಟು ತನ್ನ ಮನೆಯದ್ದೇ ಆಗಿತ್ತು. ಹಿಟ್ಟಿನ ಡಬ್ಬದ ಹಿಂದೆ ಒಮ್ಮೆ ಸಿಕ್ಕಿದ್ದ ಸ್ಲೇಟು ಈಗ ನೆನಪಾಯಿತು. ಪಕ್ಕದ ಮನೆ ಮಗುವಿನದು ಎಂದು ಅಮ್ಮ ತೇಲಿಸಿದ್ದಳು. ಆದರೆ ಅವಳಿಗೆ ಸಹಿ ಕಲಿಸಿದ್ದು ನಾನೇ ಎಂದು ಅಪ್ಪ ಬಂದವರೆದುರೆಲ್ಲ ಮೀಸೆ ತಿರುವುತ್ತಿದ್ದನಲ್ಲ, ಅದೇನು ಎಂದು ಗಿಳಿ ಕೇಳಿದಳು.

ಕಲಿಸೋಕೆ ಕೂತದ್ದು ನಿಜವಂತೆ, ಆದರೆ ಅದು ಕಾಲೇಜು ಮುಗಿಯುವ ಹೊತ್ತಿಗೆ. ಅಷ್ಟು ಹೊತ್ತಿಗೆ ಅಮ್ಮ ಪತ್ರಿಕೆಯ ತಲೆಬರಹ ಓದುತ್ತಿದ್ದಳು. ಯಜಮಾನರಿಗೆ ಖುಷಿಯಾಗಲಿ ಎಂದು ಬೇಕಂತಲೇ ಒಂದು ವಾರ ಸೊಟ್ಟಗೆ ಬರೆದಳಂತೆ. ಗಿಳಿ ನಗುತ್ತಲೇ ಕಣ್ಣು ಒರೆಸಿಕೊಂಡಳು.

ಹಾಗಾದರೆ ನನಗೇಕೆ ಹೇಳಲಿಲ್ಲ ಎಂದಳು. ಕೊನೆಯ ವರ್ಷದ ಅರ್ಜಿಗೆ ಸಹಿ ಹಾಕಿ ತೋರಿಸಿ, ಆಗ ಹೇಳಬೇಕೆಂದಿದ್ದಳಂತೆ ಅಮ್ಮ. ಗಿಳಿಗೆ ಆ ಬೆಳಗು ಪೂರ್ತಿ ಎದುರಿಗೆ ಬಂತು. ಅಡುಗೆಮನೆಯ ಕಟ್ಟೆ. ಅಮ್ಮ ಸಹಿ ಹಾಕಿದ ಅರ್ಜಿಯನ್ನು ಗಿಳಿಯ ಕಡೆ ತಿರುಗಿಸಿ, ಸೆರಗಿಗೆ ಕೈ ಒರೆಸುತ್ತಾ ಕಾಯುತ್ತಿದ್ದಳು. ಗಿಳಿಗೆ ಬಸ್ಸಿನ ಅವಸರ.

“ನಾನು ತಾರೀಕು ಸರಿ ಇದೆಯಾ ಅಂತ ಮಾತ್ರ ನೋಡ್ದೆ,” ಎಂದಳು. “ಮಡಚಿ ಚೀಲಕ್ಕೆ ಹಾಕ್ಕೊಂಡು ಓಡ್ದೆ.”

“ಗೊತ್ತು. ಆ ಗುರುವಾರಾನೇ ಹೇಳಿದ್ರು.”

“ಬೇಜಾರು ಮಾಡ್ಕೊಂಡ್ಲಾ?”

“ಇಲ್ಲ ಕಣೇ, ಅವತ್ತು ಅವರ ಖುಷಿ ನೋಡ್ಬೇಕಿತ್ತು. ‘ಅವಳ ಕಣ್ಣಿಗೆ ಬೀಳ್ಲೇ ಇಲ್ಲ ನೋಡು, ಎಲ್ಲರ ಅಮ್ಮಂದಿರ ಸಹಿ ಥರಾನೇ ಇದೆ ಅಂತಾಯ್ತಲ್ಲ’ ಅಂದ್ರು.”