ಶಹಾತನ ಕುರ್ಚಿ

ಈಜಿಪ್ಟಿನ ಮನ್ಸೂರಾ ಊರಿನ ಜಾಬಿರನೂ ಶಹಾತನೂ ಮೂವತ್ತು ವರ್ಷ ಜೊತೆಗೇ ಸಿಮೆಂಟು ಮೂಟೆ ಹೊತ್ತು ಬೆನ್ನು ಕೆಡಿಸಿಕೊಂಡವರು. ಸರ್ಕಾರದ ಅಂಗವಿಕಲರ ಮಾಸಾಶನ ಮಾತ್ರ ಶಹಾತನೊಬ್ಬನಿಗೇ ಸಿಕ್ಕಿತು.

“ನಮಾಜು ಹೆಂಗ್ ಮಾಡ್ತೀಯಪ್ಪಾ?” ಎಂದು ತಪಾಸಣೆಯ ಡಾಕ್ಟರು ಕೇಳಿದಾಗ ಶಹಾತ, “ಕುರ್ಚಿ ಮೇಲೆ” ಎಂದಿದ್ದ. ಅದೇ ಪ್ರಶ್ನೆ ತನ್ನ ಸರದಿಗೆ ಬಂದಾಗ ಜಾಬಿರನಿಗೆ ನಾಚಿಕೆ ಅಡ್ಡ ಬಂದಿತ್ತು. “ಗಂಡಸ್ರು ಮಾಡೋ ಹಂಗೆ, ನೆಲಕ್ಕೆ ಹಣೆ ಹಚ್ಚಿ” ಎಂದುಬಿಟ್ಟಿದ್ದ.

ಶುಕ್ರವಾರ ಮಸೀದಿಯಲ್ಲಿ ಶಹಾತ ಕುರ್ಚಿಯಲ್ಲಿ ಕೂತದ್ದನ್ನು ಕಂಡು ಜಾಬಿರನ ಹೊಟ್ಟೆ ಉರಿಯಿತು. ಪಕ್ಕದಲ್ಲೇ ನಿಂತು, ಬೇಕೆಂದೇ ಬಗ್ಗಿ ಹಣೆ ನೆಲಕ್ಕೂರಿದ. ಮತ್ತೆ ಏಳಲಾಗಲಿಲ್ಲ.

ನಮಾಜು ಮುಗಿದ ಮೇಲೆ ಶಹಾತ ಕುರ್ಚಿಯಿಂದಿಳಿದು, ನರಳುತ್ತಲೇ ಬಗ್ಗಿ, ಅವನ ಕಂಕುಳಿಗೆ ಕೈಕೊಟ್ಟ. “ಮೆಲ್ಲಗೆ ಏಳಣ್ಣ.”

ನೋವಿಗೆ ಕಣ್ಣಲ್ಲಿ ನೀರು ಸುರಿಯುತ್ತಿದ್ದರೂ ಜಾಬಿರನ ಮುಖ ಅರಳಿತು. “ಎಲ್ರೂ ನೋಡ್ಕೊಳ್ರಪ್ಪಾ,” ಎಂದ. “ಇವ್ನಿಗೆ ಬಗ್ಗಕ್ಕೆ ಬರ್ತದೆ.”